ಸದ್ದು ನಿಂತ ಪೆಟ್ಟಿಗೆ: ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿವರೆಗೆ



ಈ ಮಾತನ್ನು ಕೇಳುತ್ತಿರುವ ಅಥವಾ ಓದುತ್ತಿರುವ ನಿಮ್ಮ ಲ್ಯಾಪ್‌ಟಾಪ್‌ಗೆ ಒಮ್ಮೆ ಕಿವಿಗೊಡಿ. ಹೆಚ್ಚೆಂದರೆ ಫ್ಯಾನಿನ ಗಾಳಿ ಕೇಳಿಸೀತು. ನಿಮ್ಮ ಅಪ್ಪ ಅಮ್ಮ ಅಮೆರಿಕಕ್ಕೆ ಬಂದ ಹೊಸತರಲ್ಲಿ ಕೊಂಡ ಕಂಪ್ಯೂಟರ್ ಹೀಗೆ ಸುಮ್ಮನಿರುತ್ತಿರಲಿಲ್ಲ. ಗುಂಡಿ ಒತ್ತಿದೊಡನೆ ಗುಂಯ್ ಎಂದು ತಿರುಗಲು ಶುರು ಮಾಡುತ್ತಿತ್ತು. ಒಂದು ಫೈಲ್ ತೆರೆದರೆ ಒಳಗೆ ಯಾರೋ ಹುರಿಗಡಲೆ ಕಡಿಯುತ್ತಿರುವ ಹಾಗೆ ಕಟಕಟ ಸದ್ದು. ಆ ಸದ್ದು ಹಾರ್ಡ್ ಡಿಸ್ಕಿನದು. ಅದರ ಜಾಗಕ್ಕೆ ಈಗ ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್ ಬಂದಿದೆ. ಅದರಲ್ಲಿ ತಿರುಗುವುದೂ ಇಲ್ಲ, ಅಲುಗುವುದೂ ಇಲ್ಲ.

ಕನ್ನಡ ಎಂ.ಎ. ಓದಿದವಳಿಗೆ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ನಮ್ಮ ರೇಡಿಯೋದಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಜೋಡಿಸಿಡುವ ಸ್ವಯಂಸೇವೆ ನನ್ನ ಪಾಲಿಗೆ ಬಂದಿದೆ. ಒಬ್ಬರು ತಮ್ಮ ಅಜ್ಜಿಯ ಸೋಬಾನೆ ಪದ ಕಳಿಸುತ್ತಾರೆ, ಇನ್ನೊಬ್ಬರು ತಾತ ಹೇಳಿದ ಊರಿನ ಕಥೆ ಕಳಿಸುತ್ತಾರೆ. ಮೂಲ ಕ್ಯಾಸೆಟ್ ಎಂದೋ ಕಸಕ್ಕೆ ಹೋಗಿರುತ್ತದೆ. ಉಳಿದಿರುವುದು ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿರುವ ಒಂದೇ ಪ್ರತಿ. "ಆಂಟಿ, ಇದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ಹಾಕಿಟ್ಟುಬಿಟ್ಟರೆ ಶಾಶ್ವತವಾಗಿ ಸೇಫ್ ಅಲ್ವಾ?" ಎಂದು ನಿಮ್ಮ ವಯಸ್ಸಿನವರು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ಈ ಎರಡು ವಸ್ತುಗಳು ಎಲ್ಲಿಂದ ಬಂದವು, ಮಾತನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತವೆ, ಹೇಗೆ ಮರೆಯುತ್ತವೆ ಎಂಬ ಕಥೆಯನ್ನೇ ಹೇಳಬೇಕು.

ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ನೋಟರ್ ಡೇಮ್ ಅವೆನ್ಯೂ 99ನೇ ನಂಬರಿನ ಕಟ್ಟಡದಲ್ಲಿ. ಬೇ ಏರಿಯಾದಲ್ಲಿರುವ ನೀವು ಆ ಬೀದಿಯ ಆಸುಪಾಸಿನಲ್ಲೇ ಎಷ್ಟೋ ಸಲ ಓಡಾಡಿರುತ್ತೀರಿ. 1952ರಲ್ಲಿ ಐಬಿಎಂ ಕಂಪನಿ ಅಲ್ಲಿ ಪ್ರಯೋಗಾಲಯ ತೆರೆಯಲು ರೆನಾಲ್ಡ್ ಜಾನ್ಸನ್ ಎಂಬವರನ್ನು ಕಳಿಸಿತು. ಈ ಜಾನ್ಸನ್ ಮೊದಲು ಮಿಶಿಗನ್‌ನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದವರು. ಉತ್ತರಪತ್ರಿಕೆ ತಿದ್ದುವ ಯಂತ್ರ ಕಂಡುಹಿಡಿದು ಐಬಿಎಂ ಸೇರಿದ್ದರು. ಪೆನ್ಸಿಲ್ಲಿನ ಸೀಸದಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಪೆನ್ಸಿಲ್ ಗುರುತು ಎಲ್ಲಿದೆ ಎಂದು ಯಂತ್ರ ತಿಳಿಯಬಲ್ಲದು ಎಂಬುದೇ ಆ ಯಂತ್ರದ ಗುಟ್ಟು. ನೀವು ಪರೀಕ್ಷೆಗಳಲ್ಲಿ ಪೆನ್ಸಿಲ್ ಹಿಡಿದು ಬಬಲ್ ತುಂಬಿದ್ದೀರಲ್ಲ, ಅದರ ಹಿಂದೆಯೂ ಇಂಥ ಮೇಷ್ಟರುಗಳೇ ಇದ್ದಾರೆ.

ಆ ಕಾಲದಲ್ಲಿ ಲೆಕ್ಕಪತ್ರಗಳು ಇರುತ್ತಿದ್ದುದು ತೂತು ಹೊಡೆದ ಪಂಚ್ ಕಾರ್ಡುಗಳಲ್ಲಿ, ಇಲ್ಲವೇ ಮ್ಯಾಗ್ನೆಟಿಕ್ ಟೇಪಿನಲ್ಲಿ. ಟೇಪಿನ ಕಷ್ಟ ನಿಮ್ಮ ಅಮ್ಮನಿಗೆ ಗೊತ್ತು. ಕ್ಯಾಸೆಟ್ಟಿನಲ್ಲಿ ನಾಲ್ಕನೇ ಹಾಡು ಬೇಕೆಂದರೆ ಮೊದಲ ಮೂರನ್ನು ಸುತ್ತಿ ದಾಟಬೇಕು. ಗ್ರಾಮಫೋನ್ ಪ್ಲೇಟಿನಲ್ಲಾದರೆ ಮುಳ್ಳನ್ನು ಎತ್ತಿ ಬೇಕಾದ ಕಡೆ ಇಟ್ಟರಾಯಿತು. ಜಾನ್ಸನ್ ತಂಡ ಈ ಎರಡನೆಯ ದಾರಿ ಹಿಡಿಯಿತು. 24 ಇಂಚು ಅಗಲದ ಅಲ್ಯೂಮಿನಿಯಂ ತಟ್ಟೆಗಳನ್ನು ಒಂದರ ಮೇಲೊಂದು ಐವತ್ತು ಜೋಡಿಸಿದರು. ಅವಕ್ಕೆ ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣ ಬಳಿದರು. ನಮ್ಮೂರಿನ ಮನೆ ಮುಂದೆ ಬಳಿಯುವ ಕೆಮ್ಮಣ್ಣಿಗೆ ಬಣ್ಣ ಬರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಬಣ್ಣ ಎಲ್ಲ ಕಡೆ ಸಮನಾಗಿ ಹರಡಬೇಕಲ್ಲ? ತಟ್ಟೆಯನ್ನು ತಿರುಗಿಸುತ್ತಾ ನಡುವೆ ಬಣ್ಣ ಸುರಿದರು. ಗಂಟು ಬರದಂತೆ ಹೆಂಗಸರ ಕಾಲುಚೀಲದಲ್ಲಿ ಅದನ್ನು ಸೋಸಿದರು. ದೋಸೆ ಹಿಟ್ಟನ್ನು ಕಾವಲಿಯ ನಡುವೆ ಸುರಿದು ಹರಡುವ ನನಗೆ ಈ ಭಾಗ ಬಲು ಇಷ್ಟ. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಕೆಲವು ಗಂಟುಗಳು ಬಿಡಿಸಿಕೊಳ್ಳುವುದು ಅಡುಗೆಮನೆಯ ಬುದ್ಧಿಯಿಂದಲೇ.

1956ರ ಸೆಪ್ಟೆಂಬರ್‌ನಲ್ಲಿ ಆ ಯಂತ್ರ ಹೊರಬಂತು. ಹೆಸರು ರಾಮ್ಯಾಕ್. ಡಿಸ್ಕಿನ ಪೆಟ್ಟಿಗೆಯೇ ಸುಮಾರು ಒಂದು ಟನ್ ತೂಕ. ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಓದುವ ಕೈ ಮೇಲೆ ಕೆಳಗೆ ಚಲಿಸಿ ಬೇಕಾದ ತಟ್ಟೆಗಳ ನಡುವೆ ನುಗ್ಗುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ಅಂದರೆ ನೀವು ಫೋನಿನಲ್ಲಿ ತೆಗೆಯುವ ಒಂದು ಫೋಟೋದಷ್ಟು. ಇಡೀ ವ್ಯವಸ್ಥೆಗೆ ತಿಂಗಳ ಬಾಡಿಗೆ 3200 ಡಾಲರ್! 1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಯಾನ್ ಹೋಸೆಯ ಐಬಿಎಂ ಕಾರ್ಖಾನೆ ನೋಡಲು ಬಂದಿದ್ದರು. ಅವರಿಗೆ ಯಂತ್ರಗಳಿಗಿಂತ ಹೆಚ್ಚು ಹಿಡಿಸಿದ್ದು ಅಲ್ಲಿನ ಕ್ಯಾಂಟೀನು, ಎಲ್ಲರೂ ಸಾಲಿನಲ್ಲಿ ನಿಂತು ತಾವೇ ಬಡಿಸಿಕೊಳ್ಳುವ ಪದ್ಧತಿ.

ಹಾರ್ಡ್ ಡಿಸ್ಕ್ ಡೇಟಾವನ್ನು ಹಿಡಿದಿಡುವ ರೀತಿ ಅಂದಿನಿಂದ ಇಂದಿನವರೆಗೆ ಮೂಲದಲ್ಲಿ ಒಂದೇ. ತಟ್ಟೆಯ ಮೇಲಿನ ಲೇಪ ಎಂದರೆ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಅಯಸ್ಕಾಂತಗಳ ಹೊಲ. ಹೆಡ್ ಎಂಬ ಸಣ್ಣ ಸಾಧನ ಅದರ ಮೇಲೆ ಹಾಯುತ್ತಾ ಅವುಗಳ ದಿಕ್ಕನ್ನು ಅತ್ತ ಅಥವಾ ಇತ್ತ ತಿರುಗಿಸಿದರೆ ಬರೆದಂತೆ. ಆ ದಿಕ್ಕು ಎಲ್ಲಿ ಬದಲಾಗಿದೆ ಎಂದು ಗುರುತಿಸಿದರೆ ಓದಿದಂತೆ. ಹೆಡ್ ತಟ್ಟೆಗೆ ತಾಗಬಾರದು, ದೂರವೂ ಇರಬಾರದು. ರಾಮ್ಯಾಕ್‌ನಲ್ಲಿ ನಡುವಿನ ಸಂದು ಸುಮಾರು ಕಾಲು ಕೂದಲಿನಷ್ಟು ದಪ್ಪ, ಅದನ್ನು ಕಾಯಲು ಪಂಪಿನಿಂದ ಗಾಳಿ ಊದುತ್ತಿದ್ದರು. ಈಗ ಆ ಸಂದು ಕೆಲವೇ ನ್ಯಾನೋಮೀಟರ್. ಒಂದು ಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತದೆ ಎಂದು ಲೆಕ್ಕ ಹಾಕಿದರೆ ನಿಮಗೇ ತಿಳಿಯುತ್ತದೆ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆ ಹೆಡ್ ತಾನೇ ತೇಲುತ್ತದೆ. ಓಡುತ್ತಿರುವ ಹಾರ್ಡ್ ಡಿಸ್ಕನ್ನು ಬೀಳಿಸಿದರೆ ಏನಾಗಬಹುದು ಎಂದು ಬೇರೆ ಹೇಳಬೇಕಿಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ದಾಟಿಬಿಡೋಣ. 1973ರಲ್ಲಿ ಐಬಿಎಂ ತಂದ 3340 ಎಂಬ ಡಿಸ್ಕಿಗೆ ವಿಂಚೆಸ್ಟರ್ ಎಂಬ ಅಡ್ಡಹೆಸರು ಬಿತ್ತು. ಅದನ್ನು 30 ಮೆಗಾಬೈಟಿನ ಎರಡು ಭಾಗಗಳಾಗಿ ಯೋಚಿಸಿದ್ದರು. 30-30 ಎಂದೊಡನೆ ಮುಖ್ಯಸ್ಥ ಕೆನ್ನೆತ್ ಹಾಟನ್‌ಗೆ ವಿಂಚೆಸ್ಟರ್ ಕೋವಿ ನೆನಪಾಯಿತು. ತಟ್ಟೆ ಮತ್ತು ಹೆಡ್ ಎರಡನ್ನೂ ಒಂದೇ ಮುಚ್ಚಿದ ಡಬ್ಬಿಯಲ್ಲಿಡುವ ಪದ್ಧತಿ ನೆಲೆಯಾದದ್ದು ಅಲ್ಲಿಂದ. 1980ರಲ್ಲಿ ಅಲನ್ ಶುಗಾರ್ಟ್ ಕಟ್ಟಿದ ಸೀಗೇಟ್ ಕಂಪನಿ ಮೇಜಿನ ಮೇಲಿನ ಕಂಪ್ಯೂಟರಿಗೆ ಹಿಡಿಸುವ ಡಿಸ್ಕ್ ತಂದಿತು. ಅದರ ಸಾಮರ್ಥ್ಯ 5 ಮೆಗಾಬೈಟ್. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಟನ್ನಿನ ಬೀರು ಕೈಯಲ್ಲಿ ಎತ್ತುವ ಡಬ್ಬಿಯಾಗಿತ್ತು. ಅಲ್ಲಿಂದ ಮುಂದೆ ಸಾಮರ್ಥ್ಯ ಏರಿದ ಪರಿ ಹೇಳಿ ಮುಗಿಯುವಂಥದ್ದಲ್ಲ. 1988ರಲ್ಲಿ ಫ್ರಾನ್ಸಿನ ಆಲ್ಬರ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರ್ಯೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಒಂದು ಕಾಂತೀಯ ವಿದ್ಯಮಾನದಿಂದ ಹೆಡ್‌ಗಳು ಎಷ್ಟೋ ಸೂಕ್ಷ್ಮವಾದವು. ಅದಕ್ಕೆ 2007ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಒಂದು ವಿಷಯದಲ್ಲಿ ಹಾರ್ಡ್ ಡಿಸ್ಕ್ ಕುಂಟುತ್ತಲೇ ಉಳಿಯಿತು. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಮಾಮೂಲು ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಕೈ ಸರಿಯಾದ ಸಾಲಿಗೆ ಸರಿಯಲು ಎಂಟೊಂಬತ್ತು ಮಿಲಿಸೆಕೆಂಡ್. ಒಟ್ಟು ಸುಮಾರು 12. ರಾಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಸುಮಾರು 600 ಮಿಲಿಸೆಕೆಂಡ್ ಬೇಕಿತ್ತು. ಅರ್ಧ ಶತಮಾನದಲ್ಲಿ ಸಾಮರ್ಥ್ಯ ಲಕ್ಷಗಟ್ಟಲೆ ಪಟ್ಟು ಏರಿದರೂ ಕಾಯುವ ಹೊತ್ತು ಇಳಿದದ್ದು ಬರೀ ಐವತ್ತು ಪಟ್ಟು. ಅತ್ತ 3 ಗಿಗಾಹರ್ಟ್ಸ್ ಪ್ರೊಸೆಸರ್ ಆ 12 ಮಿಲಿಸೆಕೆಂಡಿನಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಸಲ ಟಿಕ್ ಎನ್ನುತ್ತದೆ. ಹಳೆಯ ಲ್ಯಾಪ್‌ಟಾಪ್ ತೆರೆದು ಕಾಫಿ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿದ್ದುದಕ್ಕೆ ದೊಡ್ಡ ಕಾರಣ ಇದೇ. ಭಾರವಿರುವ ವಸ್ತು ಸ್ಥಳ ಬದಲಿಸಲು ಹೊತ್ತು ತೆಗೆದುಕೊಳ್ಳುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಇನ್ನೊಂದು ಎಳೆ ಅಮೆರಿಕದ ಪೂರ್ವ ಕರಾವಳಿಯಲ್ಲಿ, ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಗಿತ್ತು. ಕೊರಿಯಾದಿಂದ ಬಂದ ದಾವೊನ್ ಕಾಂಗ್, ತೈವಾನಿನಲ್ಲಿ ಬೆಳೆದು ಬಂದ ಸೈಮನ್ ಸ್ಜೆ, ಇಬ್ಬರೂ ವಲಸಿಗರು. ಒಂದು ದಿನ ಊಟದ ಹೊತ್ತಿನಲ್ಲಿ ಮುಂದಿದ್ದ ಪದರ ಪದರದ ಕೇಕ್ ನೋಡಿ, ಟ್ರಾನ್ಸಿಸ್ಟರಿನ ನಡುವೆ ಇನ್ನೊಂದು ಪದರ ಸೇರಿಸಿದರೆ ಹೇಗೆ ಎಂಬ ಯೋಚನೆ ಬಂತು ಎಂದು ಸ್ಜೆ ಮುಂದೆ ಹೇಳಿಕೊಂಡಿದ್ದಾರೆ. ಚಿರೋಟಿ ಇದ್ದಿದ್ದರೂ ನಡೆಯುತ್ತಿತ್ತು ಅನ್ನಿ! 1967ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಆ ಹೊಸ ಪದರಕ್ಕೆ ಫ್ಲೋಟಿಂಗ್ ಗೇಟ್ ಎಂದು ಹೆಸರು.

ಅದನ್ನು ಬಾಗಿಲೇ ಇಲ್ಲದ ಒಂದು ಒಳಕೋಣೆ ಎಂದುಕೊಳ್ಳಿ. ಸುತ್ತಲೂ ಗಾಜಿನಂಥ ಗೋಡೆ. ನಿಜವಾಗಿಯೂ ಅದು ಸಿಲಿಕಾನ್ ಡೈಆಕ್ಸೈಡ್, ಕಿಟಕಿಯ ಗಾಜಿನ ಮುಖ್ಯ ವಸ್ತುವೇ. ವಿದ್ಯುತ್ ಅದರಲ್ಲಿ ಹರಿಯದು. ಆದರೆ ಗೋಡೆ ಬಹಳ ತೆಳುವಾಗಿದ್ದು, ಹೊರಗಿನಿಂದ ಜೋರಾದ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಗೋಡೆ ದಾಟಿ ಒಳಗೆ ಬಂದುಬಿಡುತ್ತವೆ. ವೋಲ್ಟೇಜ್ ತೆಗೆದ ಮೇಲೆ ಹೊರಗೆ ಹೋಗಲು ದಾರಿಯಿಲ್ಲ, ವರ್ಷಗಟ್ಟಲೆ ಅಲ್ಲೇ ಬಂದಿ. ಒಳಗೆ ಎಲೆಕ್ಟ್ರಾನುಗಳಿದ್ದರೆ ಪಕ್ಕದ ದಾರಿಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ, ಇಲ್ಲದಿದ್ದರೆ ಹರಿಯುತ್ತದೆ. ಒಳಕೋಣೆಯಲ್ಲಿ ಹಿರಿಯರು ಇದ್ದಾರೋ ಇಲ್ಲವೋ ಎಂಬುದು ಜಗುಲಿಯ ಮೇಲೆ ಮಕ್ಕಳು ಓಡಾಡುವ ರೀತಿಯಿಂದಲೇ ಗೊತ್ತಾಗುತ್ತದಲ್ಲ, ಹಾಗೆ. ಎಸ್‌ಎಸ್‌ಡಿಯ ಒಳಗಿರುವುದು ಇಂಥ ಕೋಟ್ಯಂತರ ಕೋಣೆಗಳು. ಈಗಿನ ಬಹಳಷ್ಟು ಚಿಪ್‌ಗಳಲ್ಲಿ ಆ ಪದರದ ವಸ್ತು ಬೇರೆಯಾಗಿದೆ, ತತ್ವ ಮಾತ್ರ ಅದೇ.

ಬರೆಯುವುದು ಬಂತು, ಅಳಿಸುವುದು ಕಷ್ಟವಾಯಿತು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಮಾಡಿದ ಚಿಪ್‌ನ ತಲೆಯ ಮೇಲೆ ಒಂದು ಪುಟ್ಟ ಪಾರದರ್ಶಕ ಕಿಟಕಿ ಇತ್ತು. ಅಳಿಸಬೇಕೆಂದರೆ ಚಿಪ್ಪನ್ನು ಕಿತ್ತು ಅಲ್ಟ್ರಾವಯಲೆಟ್ ದೀಪದ ಕೆಳಗೆ ಇಡಬೇಕು, ಹಪ್ಪಳ ಒಣಗಿಸಿದಂತೆ. ಆಮೇಲೆ ವಿದ್ಯುತ್ತಿನಿಂದಲೇ ಅಳಿಸುವ ಚಿಪ್‌ಗಳು ಬಂದವು. ಆದರೆ ಅವುಗಳಲ್ಲಿ ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ಅಳಿಸಲು ಹೆಚ್ಚುವರಿ ಟ್ರಾನ್ಸಿಸ್ಟರ್ ಬೇಕಿದ್ದರಿಂದ ಅವು ದುಬಾರಿ.

ಈ ಗಂಟನ್ನು ಬಿಡಿಸಿದವರು ಜಪಾನಿನ ಫುಜಿಯೋ ಮಸುವೋಕ. ಇವರ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ನಿಮ್ಮ ಫೋನ್, ಪೆನ್ ಡ್ರೈವ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಇವರ ಕೆಲಸವಿದೆ, ಆದರೂ ಹೆಸರು ಕೇಳಿದವರು ಕಡಿಮೆ. ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಓದಿ 1971ರಲ್ಲಿ ತೋಷಿಬಾ ಸೇರಿದರು. ಅವರ ಉಪಾಯ ಕೇಳಲು ಬಲು ಸರಳ: ಒಂದೊಂದನ್ನೇ ಅಳಿಸುವ ಆಸೆ ಬಿಟ್ಟು, ಒಂದು ದೊಡ್ಡ ಗುಂಪನ್ನು ಒಟ್ಟಿಗೇ ಅಳಿಸಿಬಿಡುವುದು. ಆಗ ಹೆಚ್ಚುವರಿ ಭಾಗಗಳು ಬೇಡ, ಚಿಪ್ ಚಿಕ್ಕದಾಗುತ್ತದೆ, ಅಗ್ಗವಾಗುತ್ತದೆ. ಎಲ್ಲವೂ ಒಂದೇ ಕ್ಷಣದಲ್ಲಿ ಅಳಿಸಿಹೋಗುವುದನ್ನು ಕಂಡ ಸಹೋದ್ಯೋಗಿ ಶೋಜಿ ಆರಿಇಜುಮಿಗೆ ಕ್ಯಾಮರಾದ ಫ್ಲ್ಯಾಶ್ ನೆನಪಾಗಿ, ಆ ಹೆಸರೇ ನಿಂತಿತು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಮಸುವೋಕ ಇದನ್ನು ಮಂಡಿಸಿದರು. 1987ರಲ್ಲಿ ನ್ಯಾಂಡ್ ಎಂಬ ಇನ್ನೂ ಒತ್ತೊತ್ತಾದ ರೂಪ ತಂದರು. ಅದರಲ್ಲಿ ಕೋಣೆಗಳು ಸರಪಳಿಯಂತೆ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ತಂತಿಗಳು ಕಡಿಮೆ ಸಾಕು. ಎಸ್‌ಎಸ್‌ಡಿಯಲ್ಲಿರುವುದು ಈ ನ್ಯಾಂಡ್.

ಇವರು 1994ರಲ್ಲಿ ತೋಷಿಬಾ ಬಿಟ್ಟು ತಾವು ಓದಿದ ವಿಶ್ವವಿದ್ಯಾಲಯಕ್ಕೇ ಪ್ರಾಧ್ಯಾಪಕರಾಗಿ ಹೋದರು. ತಮ್ಮ ಆವಿಷ್ಕಾರಕ್ಕೆ ನ್ಯಾಯವಾದ ಪ್ರತಿಫಲ ಸಿಗಲಿಲ್ಲವೆಂದು 2004ರಲ್ಲಿ ಕಂಪನಿಯ ಮೇಲೆ 100 ಕೋಟಿ ಯೆನ್ ಕೇಳಿ ಮೊಕದ್ದಮೆ ಹೂಡಿದರು. 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗೆ ರಾಜಿಯಾಯಿತು. ಮುಂದೆ ತೋಷಿಬಾ ಬೇರೊಂದು ವ್ಯವಹಾರದಲ್ಲಿ ಭಾರಿ ನಷ್ಟಕ್ಕೆ ಸಿಕ್ಕಿ, 2018ರಲ್ಲಿ ಈ ಮೆಮೊರಿ ವಿಭಾಗದ ದೊಡ್ಡ ಪಾಲನ್ನೇ ಮಾರಬೇಕಾಯಿತು. ಅದು ಈಗ ಕಿಯೋಕ್ಸಿಯಾ ಎಂಬ ಕಂಪನಿ. ಜಪಾನಿ ಭಾಷೆಯಲ್ಲಿ ಕಿಯೋಕು ಎಂದರೆ ನೆನಪು. ನನಗಂತೂ ಆ ಹೆಸರು ಓದಿದಾಗೆಲ್ಲ ಮಸುವೋಕ ಅವರೇ ನೆನಪಾಗುತ್ತಾರೆ.

ಇನ್ನೊಂದು ಸ್ವಾರಸ್ಯ. ಹಾರ್ಡ್ ಡಿಸ್ಕಿನ ಪುಟ್ಟ ಅಯಸ್ಕಾಂತಗಳನ್ನು ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸಿದರೆ ಅದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ ಎಂದು 1970ರ ದಶಕದಲ್ಲಿ ತೋರಿಸಿದ ಶುನ್ಇಚಿ ಇವಾಸಾಕಿ ಕೂಡ ಅದೇ ತೊಹೊಕು ವಿಶ್ವವಿದ್ಯಾಲಯದವರು. ಆ ಪದ್ಧತಿಯ ಡಿಸ್ಕ್ ಅಂಗಡಿಗೆ ಬರಲು 2005 ಆಗಬೇಕಾಯಿತು. ಹಳೆಯದಕ್ಕೆ ಆಯಸ್ಸು ಹೆಚ್ಚಿಸಿದವರೂ ಅದರ ಪ್ರತಿಸ್ಪರ್ಧಿಯನ್ನು ಹುಟ್ಟಿಸಿದವರೂ ಒಂದೇ ಅಂಗಳದಿಂದ ಬಂದವರು.

ಫ್ಲ್ಯಾಶ್ ಚಿಪ್‌ಗಳನ್ನು ಜೋಡಿಸಿ ಡಿಸ್ಕಿನ ಹಾಗೆ ಬಳಸಬಹುದೆಂದು ಪಣತೊಟ್ಟ ಕಂಪನಿಗಳಲ್ಲಿ ಮುಖ್ಯವಾದದ್ದು 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸನ್‌ಡಿಸ್ಕ್, ಈಗಿನ ಸ್ಯಾನ್‌ಡಿಸ್ಕ್. ಕಟ್ಟಿದವರು ಎಲಿ ಹರಾರಿ, ಜ್ಯಾಕ್ ಯುವಾನ್ ಮತ್ತು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಓದಲು ಅಮೆರಿಕಕ್ಕೆ ಬರಬೇಕೆಂದಿದ್ದ ಹುಡುಗ ಸಂಜಯ್‌ಗೆ ಮೂರು ಸಲ ವೀಸಾ ಸಿಗಲಿಲ್ಲ. ಕೊನೆಗೆ ಅವರ ತಂದೆ ಅಧಿಕಾರಿಯ ಜೊತೆ ಪಟ್ಟು ಹಿಡಿದು ವಾದಿಸಿ ಕೊಡಿಸಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಈಗ ಅವರು ಮೆಮೊರಿ ಚಿಪ್ ಮಾಡುವ ಮೈಕ್ರಾನ್ ಕಂಪನಿಯ ಮುಖ್ಯಸ್ಥರು. ಇಂಥ ವೀಸಾ ಕಥೆ ನಿಮ್ಮ ಮನೆಯಲ್ಲೂ ಒಂದಾದರೂ ಇದ್ದೇ ಇರುತ್ತದೆ, ಕೇಳಿ ನೋಡಿ.

1991ರಲ್ಲಿ ಇವರು ಐಬಿಎಂಗೆಂದು ಮಾಡಿದ ಎಸ್‌ಎಸ್‌ಡಿಯ ಸಾಮರ್ಥ್ಯ 20 ಮೆಗಾಬೈಟ್, ಬೆಲೆ ಸುಮಾರು 1000 ಡಾಲರ್. ಆ ಬೆಲೆಗೆ ಯಾವ ಮನೆಯವರು ಕೊಳ್ಳುತ್ತಾರೆ? ಹಾಗಾಗಿ ಫ್ಲ್ಯಾಶ್ ಬೇರೆ ಬಾಗಿಲಿನಿಂದ ಮನೆಯೊಳಗೆ ಬಂತು: ಡಿಜಿಟಲ್ ಕ್ಯಾಮರಾದ ಕಾರ್ಡು, 2000ದಲ್ಲಿ ಪೆನ್ ಡ್ರೈವ್. 2001ರ ಮೊದಲ ಐಪಾಡ್‌ನಲ್ಲಿ ಇದ್ದುದು ತೋಷಿಬಾದ 5 ಗಿಗಾಬೈಟಿನ ಪುಟಾಣಿ ಹಾರ್ಡ್ ಡಿಸ್ಕ್. ಜೇಬಿನಲ್ಲಿಟ್ಟುಕೊಂಡು ನಡೆಯುವಾಗ ಒಳಗೆ ತಟ್ಟೆ ತಿರುಗುತ್ತಿತ್ತು. 2005ರ ಐಪಾಡ್ ನ್ಯಾನೋದಲ್ಲಿ ಬರೀ ಫ್ಲ್ಯಾಶ್. ಹೀಗೆ ಕೋಟಿಗಟ್ಟಲೆ ಮಾರಾಟವಾಗಿ ಬೆಲೆ ಇಳಿದ ಮೇಲೆ ಲ್ಯಾಪ್‌ಟಾಪಿನ ಸರದಿ. 2006ರಲ್ಲಿ ಸ್ಯಾಮ್‌ಸಂಗ್ 32 ಗಿಗಾಬೈಟಿನ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ತಂದಿತು. 2010ರ ಕೊನೆಗೆ ಬಂದ ಮ್ಯಾಕ್‌ಬುಕ್ ಏರ್‌ನಲ್ಲಿ ಹಾರ್ಡ್ ಡಿಸ್ಕಿನ ಆಯ್ಕೆಯೇ ಇರಲಿಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ಭಾರಿ ಪ್ರವಾಹ ಬಂದು ಅಲ್ಲಿನ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ನೀರಿನಲ್ಲಿ ಮುಳುಗಿದವು, ಪ್ರಪಂಚದೆಲ್ಲೆಡೆ ಡಿಸ್ಕಿನ ಬೆಲೆ ಏರಿತು. ಎಸ್‌ಎಸ್‌ಡಿಯತ್ತ ಜನ ತಿರುಗಲು ಅದೂ ಒಂದು ತಳ್ಳು ಕೊಟ್ಟಿತು. 2013ರಲ್ಲಿ ಸ್ಯಾಮ್‌ಸಂಗ್ ಕೋಣೆಗಳನ್ನು ಅಪಾರ್ಟ್‌ಮೆಂಟಿನಂತೆ 24 ಮಹಡಿ ಕಟ್ಟಿತು. ಈಗ ಇನ್ನೂರು ಮಹಡಿ ದಾಟಿದೆ.

ವೇಗದ ಹೋಲಿಕೆಗೆ ಎರಡು ಮಾತು ಸಾಕು. ಹಾರ್ಡ್ ಡಿಸ್ಕಿನಲ್ಲಿ ಒಂದು ತುಣುಕು ಹುಡುಕಲು ಸುಮಾರು 12 ಮಿಲಿಸೆಕೆಂಡ್ ಎಂದೆನಲ್ಲ, ಎಸ್‌ಎಸ್‌ಡಿಯಲ್ಲಿ ಅದು ಒಂದು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗ ಅಥವಾ ಇನ್ನೂ ಕಡಿಮೆ. ಒಂದೇ ದೊಡ್ಡ ವಿಡಿಯೋ ಓದುವಾಗ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 250 ಮೆಗಾಬೈಟ್ ಕೊಟ್ಟರೆ, ಹಳೆಯ ಬಗೆಯ ಎಸ್‌ಎಸ್‌ಡಿ ಸುಮಾರು 550, ಎನ್‌ವಿಎಂಇ ಬಗೆಯದು ಸಾವಿರಾರು ಮೆಗಾಬೈಟ್ ಕೊಡುತ್ತದೆ.

ಇನ್ನು ಬರೆಯುವ ರೀತಿಗೆ ಬರುತ್ತೇನೆ. ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತಾರೆ, ಕಚೇರಿಯ ಕಾಗದದ ಕಟ್ಟಿಗೂ ಅದೇ ಮಾತು. ಆದರೆ ಮೂಲದಲ್ಲಿ ಕಡತ ಎಂದರೆ ಕಪ್ಪು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳಿವೆ. ಓಲೆಗರಿಯ ಮೇಲೆ ಕಂಟದಲ್ಲಿ ಕೊರೆದರೆ ಮುಗಿಯಿತು, ಕಡತದಲ್ಲಿ ಅಳಿಸಿ ಮತ್ತೆ ಬರೆಯಬಹುದಿತ್ತು. ಹಾರ್ಡ್ ಡಿಸ್ಕ್ ಈ ವಿಷಯದಲ್ಲಿ ಕಡತದಂತೆ, ಎಲ್ಲಿ ಬೇಕೋ ಅಲ್ಲಿ, ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಎಸ್‌ಎಸ್‌ಡಿ ಒಂದು ವಿಚಿತ್ರ ಸ್ಲೇಟು. ಖಾಲಿ ಇರುವ ಯಾವ ಸಾಲಿನಲ್ಲಾದರೂ ಬರೆಯಬಹುದು, ಆದರೆ ಒಂದು ಸಾಲನ್ನು ಮಾತ್ರ ಒರೆಸಲಾಗದು. ಒರೆಸಿದರೆ ನೂರಾರು ಸಾಲಿನ ಇಡೀ ಸ್ಲೇಟನ್ನೇ ಒರೆಸಬೇಕು. ಮಸುವೋಕ ಅವರು ಅಗ್ಗಕ್ಕಾಗಿ ಮಾಡಿಕೊಂಡ ಒಪ್ಪಂದ ಅದು.

ಹಾಗಾಗಿ ನೀವು ಒಂದು ಪತ್ರದಲ್ಲಿ ಒಂದು ಅಕ್ಷರ ತಿದ್ದಿ ಸೇವ್ ಮಾಡಿದರೆ, ಎಸ್‌ಎಸ್‌ಡಿ ಹಳೆಯ ಸಾಲನ್ನು ಮುಟ್ಟುವುದಿಲ್ಲ. ಬೇರೆ ಖಾಲಿ ಜಾಗದಲ್ಲಿ ಹೊಸದಾಗಿ ಬರೆದು, ಹಳೆಯದರ ಮೇಲೆ ಕಾಟು ಹಾಕಿ, ಎಲ್ಲಿ ಏನಿದೆ ಎಂಬ ಪಟ್ಟಿ ತಿದ್ದಿಕೊಳ್ಳುತ್ತದೆ. ಕಾಟು ಬಿದ್ದ ಸಾಲುಗಳು ಹೆಚ್ಚಾದಾಗ ಉಳಿದ ಒಳ್ಳೆಯ ಸಾಲುಗಳನ್ನು ಬೇರೆ ಸ್ಲೇಟಿಗೆ ನಕಲು ಮಾಡಿ ಇಡೀ ಸ್ಲೇಟನ್ನು ಒರೆಸುತ್ತದೆ. ಈ ಮನೆಗೆಲಸ ನಿಮಗೆ ಕಾಣದಂತೆ ನಡೆಯುತ್ತಲೇ ಇರುತ್ತದೆ. ಒರೆಸಿದಷ್ಟೂ ಸಲ ಆ ಗಾಜಿನ ಗೋಡೆ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಬೀರುವಿನ ಮೇಲೆ ಸಿಕ್ಕ ಸೀರೆಯನ್ನೇ ದಿನಾ ಉಟ್ಟರೆ ಅದೊಂದೇ ಬೇಗ ಸವೆಯುತ್ತದಲ್ಲ, ಹಾಗಾಗದಂತೆ ಎಸ್‌ಎಸ್‌ಡಿ ಎಲ್ಲ ಸ್ಲೇಟುಗಳನ್ನೂ ಸರದಿಯ ಮೇಲೆ ಬಳಸುತ್ತದೆ.

ಬೆಲೆ ಇಳಿಸಲು ಇನ್ನೊಂದು ಯುಕ್ತಿ ಮಾಡಿದರು. ಮೊದಲು ಕೋಣೆಯಲ್ಲಿ ಎಲೆಕ್ಟ್ರಾನ್ ಇದೆ ಅಥವಾ ಇಲ್ಲ, ಎರಡೇ ಲೆಕ್ಕ. ಈಗ ಎಷ್ಟಿದೆ ಎಂದು ಅಳೆಯುತ್ತಾರೆ. ಒಂದು ಕೋಣೆಯಲ್ಲಿ ಮೂರು ಬಿಟ್ ಇಡಲು ಎಂಟು ಮಟ್ಟ, ನಾಲ್ಕು ಬಿಟ್ ಇಡಲು ಹದಿನಾರು ಮಟ್ಟ. ಪಾವಿನ ಅಳತೆಯಲ್ಲಿ ತುಂಬಿದೆಯೋ ಖಾಲಿಯೋ ಎಂದು ಹೇಳುವುದು ಸುಲಭ. ಅದೇ ಪಾವಿನಲ್ಲಿ ಹದಿನಾರು ಗೆರೆ ಹಾಕಿ ಎಣ್ಣೆ ಯಾವ ಗೆರೆಗೆ ಇದೆ ಎಂದು ಹೇಳುವಾಗ ನಾಲ್ಕು ಹನಿ ಸೋರಿದರೂ ಲೆಕ್ಕ ತಪ್ಪುತ್ತದೆ. ಒಂದು ಬಿಟ್ಟಿನ ಕೋಣೆಯನ್ನು ಲಕ್ಷದಷ್ಟು ಸಲ ಅಳಿಸಿ ಬರೆಯಬಹುದಾದರೆ, ನಾಲ್ಕು ಬಿಟ್ಟಿನದನ್ನು ಸುಮಾರು ಸಾವಿರ ಸಲ. ಹೆದರಬೇಡಿ, ಮನೆಯ ಬಳಕೆಗೆ ಅದು ಧಾರಾಳವಾಯಿತು.

ನನ್ನ ಚಿಂತೆ ಇರುವುದು ಸೋರುವ ಹನಿಗಳ ಬಗ್ಗೆ. ಎಸ್‌ಎಸ್‌ಡಿಗೆ ವಿದ್ಯುತ್ ಕೊಡದೆ ಎತ್ತಿಟ್ಟರೆ ಎಲೆಕ್ಟ್ರಾನುಗಳು ನಿಧಾನವಾಗಿ ಗೋಡೆ ದಾಟಿ ಹೊರಟುಹೋಗುತ್ತವೆ. ಬಿಸಿಯಿದ್ದರೆ ಇನ್ನೂ ಬೇಗ. ಈ ಉದ್ಯಮದವರೇ ಸೇರಿ ಒಪ್ಪಿಕೊಂಡ ಮಾನದಂಡದ ಪ್ರಕಾರ, ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರವಣಿಗೆಯ ಆಯಸ್ಸು ಪೂರ್ತಿ ಸವೆಸಿದ ಮೇಲೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಂಡರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೂ ಅಜ್ಜಿಯ ದನಿಯನ್ನು ಅದರಲ್ಲಿ ತುಂಬಿ, ಬೇಸಿಗೆಯಲ್ಲಿ ಕಾಯುವ ಗ್ಯಾರೇಜಿನ ಡಬ್ಬಿಯಲ್ಲಿ ಹತ್ತು ವರ್ಷ ಮರೆಯಲು ಅದು ತಕ್ಕ ವಸ್ತುವಲ್ಲ.

ಅಳಿಸುವುದರಲ್ಲೂ ಭೇದವಿದೆ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೋದಂತೆ. ಅಧ್ಯಾಯ ಒಳಗೇ ಇರುತ್ತದೆ, ಅದರ ಮೇಲೆ ಬೇರೆ ಬರೆಯುವ ತನಕ ಬಲ್ಲವರು ಹುಡುಕಿ ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ಇದೆ: "ಈ ಸಾಲುಗಳು ಇನ್ನು ಬೇಡ" ಎಂದು ಕಂಪ್ಯೂಟರ್ ಹೇಳಿದೊಡನೆ ಆ ಮನೆಗೆಲಸದವರು ಒರೆಸಲು ಹೊರಡುತ್ತಾರೆ. ಆಮೇಲೆ ಮರಳಿ ಪಡೆಯುವುದು ಹೆಚ್ಚುಕಡಿಮೆ ಆಗದ ಮಾತು. ಸಾಯುವ ರೀತಿಯೂ ಬೇರೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಮೊದಲು ನರಳುತ್ತದೆ, ಕಟ್ ಕಟ್ ಎಂದು ಹೇಳುತ್ತದೆ. ಎಸ್‌ಎಸ್‌ಡಿ ನಿನ್ನೆ ಇತ್ತು, ಇವತ್ತು ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ.

ಹಾಗೆಂದು ಹಾರ್ಡ್ ಡಿಸ್ಕ್ ಮೂಲೆ ಸೇರಿಲ್ಲ. ಒಂದು ಟೆರಾಬೈಟಿಗೆ ಬೀಳುವ ಬೆಲೆಯಲ್ಲಿ ಅದು ಇಂದಿಗೂ ಹಲವು ಪಟ್ಟು ಅಗ್ಗ. ಕ್ಲೌಡ್ ಎಂದು ನೀವು ಕರೆಯುವುದರ ಬಹುಪಾಲು ಯಾವುದೋ ಡೇಟಾ ಸೆಂಟರಿನಲ್ಲಿ ಗುಂಯ್ ಎನ್ನುತ್ತಿರುವ ಹಾರ್ಡ್ ಡಿಸ್ಕುಗಳೇ. ಒಳಗೆ ಗಾಳಿಯ ಬದಲು ಹೀಲಿಯಂ ತುಂಬಿದ ಡಿಸ್ಕುಗಳು 2013ರಲ್ಲಿ ಬಂದವು. ಬರೆಯುವ ಜಾಗವನ್ನು ಲೇಸರಿನಿಂದ ಕ್ಷಣಮಾತ್ರ ಬಿಸಿ ಮಾಡಿ ಬರೆಯುವ ಡಿಸ್ಕುಗಳು ಈಗ 30 ಟೆರಾಬೈಟ್ ದಾಟಿವೆ.

ಕಾಂತದ ಗುರುತು ಎಷ್ಟು ಗಟ್ಟಿ ಎನ್ನಲು ಒಂದು ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಐಬಿಎಂನಲ್ಲಿ ಕೆಲಸ ಮಾಡಿದ್ದ ಆಲ್ ಹೋಗ್ಲಂಡ್ ಮತ್ತು ಸಂಗಡಿಗರು ಸಾಂತಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಒಂದು ಹಳೆಯ ರಾಮ್ಯಾಕ್ ಯಂತ್ರವನ್ನು ರಿಪೇರಿ ಮಾಡಲು ಕೂತರು. ಕೆಮ್ಮಣ್ಣಿನ ಬಣ್ಣದ ಆ ತಟ್ಟೆಗಳ ಮೇಲೆ ದಶಕಗಳ ಹಿಂದೆ ಬರೆದಿದ್ದ ಡೇಟಾ ಇನ್ನೂ ಓದಲು ಸಿಕ್ಕಿತು. ಆ ಯಂತ್ರ ಈಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ. ಗಮನಿಸಿ, ಗುರುತು ಉಳಿದಿದ್ದರೂ ಅದನ್ನು ಓದುವ ಯಂತ್ರಕ್ಕೆ ಜೀವ ತುಂಬಲು ಬಲ್ಲ ಜನರೇ ವರ್ಷಗಟ್ಟಲೆ ದುಡಿಯಬೇಕಾಯಿತು. ನಿಮ್ಮ ಮನೆಯ ಹಾರ್ಡ್ ಡಿಸ್ಕಿಗೆ ಅಂಥವರು ಸಿಗುವುದಿಲ್ಲ. ಅದರ ಮೋಟಾರು ಅಂಟಿಕೊಂಡರೆ ಅಜ್ಜಿಯ ಹಾಡು ಒಳಗೆ ಸುರಕ್ಷಿತವಾಗಿದ್ದೂ ಕೇಳಿಸದು.

ಕನ್ನಡ ಎಂ.ಎ.ಯಲ್ಲಿ ಗ್ರಂಥಸಂಪಾದನೆ ಎಂಬ ವಿಷಯ ಓದಿದ್ದೆ. ಹಳೆಯ ಕಾವ್ಯಗಳು ನಮ್ಮ ಕೈಗೆ ಬಂದದ್ದು ಹೇಗೆ ಎಂಬುದರ ವಿಚಾರ ಅದು. ಕವಿ ಸ್ವತಃ ಬರೆದ ಓಲೆಗರಿ ಸಿಕ್ಕಿದ್ದು ಬಹಳ ಅಪರೂಪ. ಗರಿಯನ್ನು ಹುಳು ತಿನ್ನುವ ಮೊದಲು ಯಾರೋ ಲಿಪಿಕಾರ ಕೂತು ಪ್ರತಿ ಮಾಡಿದ, ಅದು ಹಳತಾಗುವ ಮೊದಲು ಇನ್ನೊಬ್ಬ ಪ್ರತಿ ಮಾಡಿದ, ಆ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿದ್ದವು. ನಮ್ಮ ರೇಡಿಯೋದಲ್ಲಿ ಈಗ ನಾವು ಮಾಡುತ್ತಿರುವುದೂ ಇದನ್ನೇ. ದಿನನಿತ್ಯದ ಎಡಿಟಿಂಗ್‌ಗೆ ಎಸ್‌ಎಸ್‌ಡಿ, ಏಕೆಂದರೆ ಬೇಗ ಆಗುತ್ತದೆ. ಎತ್ತಿಡುವುದು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಅವು ಇಬ್ಬರು ಸ್ವಯಂಸೇವಕರ ಮನೆಯಲ್ಲಿ, ಬೇರೆ ಬೇರೆ ಊರಿನಲ್ಲಿವೆ. ಮೂರನೆಯ ಪ್ರತಿ ಕ್ಲೌಡಿನಲ್ಲಿ. ಪ್ರತಿ ಯುಗಾದಿಗೆ ಡಿಸ್ಕುಗಳನ್ನು ಓಡಿಸಿ ಫೈಲುಗಳು ತೆರೆಯುತ್ತವೆಯೇ ಎಂದು ನೋಡುತ್ತೇವೆ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಪ್ರತಿ ಮಾಡಿಕೊಳ್ಳುವುದೆಂದು ಮಾತಾಡಿಕೊಂಡಿದ್ದೇವೆ.

ನಿಮ್ಮ ಅಪ್ಪನ ಮೇಜಿನ ಡ್ರಾಯರಿನಲ್ಲಿ, ಹಳೆಯ ಚಾರ್ಜರುಗಳ ಗೋಜಲಿನ ನಡುವೆ ಒಂದು ಕಪ್ಪು ಪೆಟ್ಟಿಗೆ ಇದ್ದರೆ ಈ ವಾರಾಂತ್ಯ ಹೊರಗೆ ತೆಗೆಯಿರಿ. ಸಮತಟ್ಟಾದ ಮೇಜಿನ ಮೇಲಿಟ್ಟು ಕಂಪ್ಯೂಟರಿಗೆ ಜೋಡಿಸಿ. ಒಂದೇ ಸಮನೆ ಗುಂಯ್ ಎಂದು ತಿರುಗಿದರೆ, ಒಳಗೆ ಏನಿದೆ ಎಂದು ನೋಡುತ್ತಾ ಕೂರುವ ಮೊದಲೇ ಎಲ್ಲವನ್ನೂ ಪ್ರತಿ ಮಾಡಿಕೊಳ್ಳಿ. ಕಟ್ ಕಟ್ ಎಂದು ಬಡಿಯುತ್ತಿದ್ದರೆ ಕೂಡಲೇ ನಿಲ್ಲಿಸಿ ತಂತಿ ತೆಗೆಯಿರಿ, ಮತ್ತೆ ಮತ್ತೆ ಪ್ರಯತ್ನಿಸಬೇಡಿ, ಡೇಟಾ ತೆಗೆದುಕೊಡುವ ತಜ್ಞರಿಗೆ ತೋರಿಸಿ. ಒಳಗಿರುವುದು ಎಸ್‌ಎಸ್‌ಡಿಯಾದರೆ ಸದ್ದೇ ಇರುವುದಿಲ್ಲ. ಅದನ್ನಂತೂ ಇವತ್ತೇ ಜೋಡಿಸಿ ನೋಡಿ.